ತೋಯದ ಅಂಚು

"ಕೇಳ್ರಪ್ಪೋ ಕೇಳಿ! ನೇರಿಲಕೋಟೆಯ ಕಾಚರಸರ ಅಪ್ಪಣೆ! ಕುವರಿ ಪದುಮಲೆ ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಕುವರಿ, ಅರ್ಧ ರಾಜ್ಯ. ಒಂದು ತಪ್ಪಿದರೂ ಹುಣ್ಣಿಮೆಯ ಮರುದಿನ ತಲೆದಂಡ!"

ಡಂಗುರದವನು ಬಾವಿಕಟ್ಟೆಗೆ ಬಂದಾಗ ಬೀರ ನೀರು ಸೇದುತ್ತಿದ್ದ. ಅರಮನೆಗೆ ನೀರು ಹೊರುವುದು ಅವನ ಕೆಲಸ. ಹಗ್ಗ ಹಿಡಿದವನು ಹಿಡಿದಂತೆಯೇ ನಿಂತ.

ಒಗಟು ಯಾಕೆ ಎಂಬುದು ಊರಿಗೆಲ್ಲ ಗೊತ್ತಿತ್ತು. ರಾಣಿ ಲಕುಮಾದೇವಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ಅರಸ ಮಗಳನ್ನು ಗಡಿಯಾಚೆಯ ಮುದಿ ನಾಯಕನಿಗೆ ಕೊಡಲು ಒಪ್ಪಿದ್ದ. ಬದಲಿಗೆ ಎರಡು ಕಣಿವೆ ಬರುವುದಿತ್ತು. ಮಗಳು ಊಟ ಬಿಟ್ಟಳು. ಕೊನೆಗೆ ಈ ಒಗಟಿನ ಮಾತಾಯಿತು. ಹುಣ್ಣಿಮೆಯೊಳಗೆ ಯಾರೂ ಗೆಲ್ಲದಿದ್ದರೆ ಮುದುಕನಿಗೇ ಧಾರೆ. ತಲೆ ಹೋಗುತ್ತದೆ ಅಂದರೆ ಯಾರು ಬರುತ್ತಾರೆ ಎಂದು ಅರಸ ನಿಶ್ಚಿಂತೆಯಾಗಿದ್ದ.

ಹುಣ್ಣಿಮೆ ಬಂತು. ಸಭೆ ಕೂಡಿತು. ಮೊದಲು ಎದ್ದವನು ದಂಡನಾಯಕನ ಮಗ ಸಿಂಗಣ.

ಪದುಮಲೆ ಕೇಳಿದಳು: "ಕೆರೆಯ ದಂಡೆಯಲ್ಲೇ ಇರುತ್ತದೆ. ದಿನಾ ಹೊಟ್ಟೆ ತುಂಬ ನೀರು ಕುಡಿಯುತ್ತದೆ. ಆದರೂ ಬತ್ತಿದೆ. ಬತ್ತಿತೆಂದು ಮನೆಯವರು ಕೊರಗುವುದಿಲ್ಲ, ಹಿಗ್ಗುತ್ತಾರೆ. ಏನದು?"

"ನಮ್ಮ ಹಿತ್ತಲ ಬಾವಿ!"

"ಬಾವಿ ಬತ್ತಿದರೆ ನಿಮ್ಮ ಮನೆಯಲ್ಲಿ ಹಿಗ್ಗುತ್ತಾರೇನು?"

ಸಭೆ ನಕ್ಕಿತು. ಕಾವಲಿನವರು ಸಿಂಗಣನ ರಟ್ಟೆ ಹಿಡಿದಾಗ ನಗು ನಿಂತಿತು.

ಆಮೇಲೆ ಎದ್ದವನು ಹತ್ತಿ ವ್ಯಾಪಾರದ ನಾಗಿಸೆಟ್ಟಿ. ನಿಧಾನದ ಮನುಷ್ಯ.

"ತುಂಬು ಗಬ್ಬದ ಹಸು, ತಾಯಿ. ಕರು ಹಾಕುವ ಮುಂಚೆ ಹಾಲು ಬತ್ತುತ್ತದೆ. ಅದಕ್ಕೆ ಯಾರು ಅಳುತ್ತಾರೆ?"

"ಸರಿ. ಎರಡನೆಯದು. ಹಸಿಯಾಗಿದ್ದಾಗ ಮುಚ್ಚಿಡುತ್ತಾರೆ. ನೋಡಲು ಬಂದವರೆಲ್ಲ ಬೇಗ ಒಣಗಲಿ ಎಂದು ಹರಸುತ್ತಾರೆ. ಒಣಗಿದ ಮೇಲೂ ಅದು ಪೂರಾ ಹೋಗುವುದಿಲ್ಲ."

"ಗಾಯ. ಒಣಗಿದರೂ ಕಲೆ ಉಳಿಯುತ್ತದೆ."

ಅರಸ ಸಿಂಹಾಸನದಲ್ಲಿ ಮುಂದಕ್ಕೆ ಬಾಗಿದ.

"ಮೂರನೆಯದು," ಅಂದಳು ಪದುಮಲೆ. "ಹುಟ್ಟಿದ್ದು ಒದ್ದೆ ಜಾಗದಲ್ಲಿ. ಹೊರಗೆ ಬಂದಾಗ ಒಂದು ಹನಿಯೂ ಇಲ್ಲ. ಅದನ್ನು ನಂಬಿ ಒಬ್ಬರು ಕಣ್ಣು ಮುಚ್ಚಿದರು. ಏನದು? ಯಾರದು?"

ಸೆಟ್ಟಿ ಬಹಳ ಹೊತ್ತು ಯೋಚಿಸಿದ. "ಕವಡೆ. ಕಡಲಲ್ಲಿ ಹುಟ್ಟಿದ್ದು. ಜೂಜುಗಾರನದು."

"ಅಲ್ಲ ಸೆಟ್ಟರೇ."

ಅವನನ್ನೂ ಕರೆದೊಯ್ದರು. ಹೊತ್ತು ಇಳಿಯುತ್ತಿತ್ತು. ಮುದಿ ನಾಯಕನ ಕಡೆಯವರು ಸೀರೆಯ ತಟ್ಟೆ ಇಟ್ಟುಕೊಂಡು ಬಾಗಿಲಲ್ಲೇ ಕೂತಿದ್ದರು.

"ನಾನು ಹೇಳ್ತೀನಿ," ಅಂದ ಸಭೆಯ ಮೂಲೆಯಲ್ಲಿ ನಿಂತಿದ್ದ ಬೀರ.

"ಏನೋ ಬೀರ," ಮಂತ್ರಿ ನಕ್ಕ. "ತಲೆ ಹೋದರೆ ಕೊಡ ಎಲ್ಲಿ ಇಟ್ಟುಕೊಂಡು ಹೊರುತ್ತೀಯೋ?"

"ಕಂಕುಳಲ್ಲಿ, ಬುದ್ಧಿ." ಬೀರ ಅರಸನ ಕಡೆ ತಿರುಗಿ ಕೈಮುಗಿದ. "ಮೊದಲೆರಡು ಸೆಟ್ಟರು ಹೇಳಿದ್ದೇ. ಮೂರನೆಯದು ನನಗೆ ಗೊತ್ತು. ಆದರೆ ಸರಿಯಾಗಿ ಹೇಳಿದರೇ ನನ್ನ ತಲೆ ಹೋದೀತು. ಅಮ್ಮಣ್ಣಿ ಸರಿ ಅಂದರೆ ಸರಿ ಅಂತ, ಮಹಾಸ್ವಾಮಿಯವರು ನೀರು ಹುಯ್ದುಕೊಂಡು ಆಣೆ ಇಡಬೇಕು."

ಸಭೆ ಅರಸನ ಕಡೆ ತಿರುಗಿತು. ಆ ನಾಡಿನ ಕಟ್ಟು ಹಾಗಿತ್ತು. ಒಣ ಬಟ್ಟೆಯಲ್ಲಿ ಆಡಿದ್ದು ಬರೀ ಮಾತು. ತೋಯ್ದ ಬಟ್ಟೆಯಲ್ಲಿ ಆಡಿದ್ದು ಆಣೆ. ಅದನ್ನು ಮುರಿದ ಅರಸನಿಗೆ ಯಾರೂ ತಲೆಬಾಗುತ್ತಿರಲಿಲ್ಲ. ಅಷ್ಟು ಜನರ ಮುಂದೆ ಆಗುವುದಿಲ್ಲ ಅನ್ನಲು ಅರಸನಿಗೆ ನಾಚಿಕೆಯಾಯಿತು. ನೀರಿನವನಿಗೆ ಏನು ಗೊತ್ತಿದ್ದೀತು ಎಂಬ ಧೈರ್ಯವೂ ಇತ್ತು.

"ಹುಯ್ಯಿ," ಅಂದ.

ಬೀರ ತುಂಬಿದ ಕೊಡ ತಂದು ಹುಯ್ದ. ಪಂಚೆಯಿಂದ ನೀರು ಸುರಿಯುತ್ತಿರುವಾಗಲೇ ಅರಸ ಆಣೆ ಇಟ್ಟ.

"ಅದು ಮಾತು, ಅಮ್ಮಣ್ಣಿ. ಹುಟ್ಟುವುದು ಬಾಯಲ್ಲಿ. ಬಾಯಿ ಯಾವಾಗಲೂ ಒದ್ದೆ." ಬೀರ ಸಿಂಹಾಸನದ ಕಡೆ ಕೈ ತೋರಿಸಿದ. "ಯಾರದು ಅಂದರೆ, ಇವರದು. ನಿಮ್ಮ ತಂದೆಯವರದು."

ಮಂತ್ರಿ ಕತ್ತಿಗೆ ಕೈ ಹಾಕಿದ. ಅರಸ ತಡೆದ. ಅವನ ಕೈಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ರಾಣಿಯಮ್ಮನವರು ಹೋಗುವ ದಿನ ಆಣೆಗೆ ನೀರು ತಾ ಅಂದರು, ಕೊಡ ತುಂಬಿ ತಂದೆ. ಬಾಗಿಲಲ್ಲೇ ಇಟ್ಟು ಅಲ್ಲೇ ನಿಂತಿದ್ದೆ. ಮಗಳಿಗೆ ಇಷ್ಟವಿಲ್ಲದ ಕಡೆ ಕೊಡಬೇಡಿ ಅಂತ ಅವರು ಕೇಳಿದ್ದು. ಮಿಂದು ಬಂದಿದ್ದೀರಾ ಅಂದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಇವರು ಹ್ಞೂಂ ಅಂದು ಆಣೆ ಇಟ್ಟರು. ನನ್ನ ಕೊಡ ತುಂಬಿದ್ದು ತುಂಬಿದಂತೆಯೇ ಇತ್ತು."

"ಸರಿ," ಅಂದಳು ಪದುಮಲೆ. "ನಾನು ಅತ್ತಾಗ ನೀವೇ ಅಂದಿರಿ, ಅಪ್ಪಾಜಿ. ಅವತ್ತು ನನ್ನ ಬಟ್ಟೆ ಒದ್ದೆಯಾಗಿರಲಿಲ್ಲ, ಅದು ಆಣೆಯಲ್ಲ ಅಂತ."

"ಸಾಯುವವಳಿಗೆ ನೆಮ್ಮದಿಯಾಗಲಿ ಅಂತ ಹೇಳಿದೆ," ಅಂದ ಅರಸ. "ನಂಬಿಕೊಂಡು ಹೋದಳು. ಅದರಲ್ಲಿ ತಪ್ಪೇನು?"

ಬೀರ ತಲೆ ತಗ್ಗಿಸಿದ.

"ಅಮ್ಮಣ್ಣಿ, ನಿಮ್ಮ ಒಗಟಿನಲ್ಲಿ ಒಂದು ಮಾತು ತಪ್ಪು. ರಾಣಿಯಮ್ಮನವರು ನಂಬಲಿಲ್ಲ. ಇವರು ಆಣೆ ಇಡುತ್ತಿರುವಾಗ ಕೈ ಚಾಚಿ ಪಂಚೆಯ ಅಂಚು ಹಿಡಿದು ನೋಡಿದರು. ಬೆರಳಲ್ಲಿ ತಿಕ್ಕಿ ನೋಡಿದರು. ಆಮೇಲೆ ಬಿಟ್ಟರು."

ಅರಸ ಎದ್ದು ನಿಂತ. "ಏನೂ ಅನ್ನಲಿಲ್ಲವಲ್ಲ ಅವಳು?"

"ಅಂದರು, ಬುದ್ಧಿ. ಹೊತ್ತಾಯ್ತು, ಹೋಗಿ ಉಣ್ಣಿ ಅಂದರು."

ಅರಸನಿಗೆ ನೆನಪಾಯಿತು.

"ಉಂಡೆ ಕಣಯ್ಯಾ," ಅಂದ. "ಹೋಗಿ ಉಂಡೆ."

ಆಣೆ ಆಣೆಯೇ. ಅರ್ಧ ರಾಜ್ಯ ಬೀರನಿಗೆ ಬಂತು. ತಲೆದಂಡ ಒಣ ಬಟ್ಟೆಯಲ್ಲಿ ಆಡಿದ ಬರೀ ಮಾತಾದ್ದರಿಂದ ಸಿಂಗಣ, ಸೆಟ್ಟಿ ಇಬ್ಬರೂ ತಲೆ ಉಳಿಸಿಕೊಂಡು ಮನೆಗೆ ಹೋದರು. ಸೀರೆಯ ತಟ್ಟೆ ಬಂದ ದಾರಿಯಲ್ಲೇ ವಾಪಸಾಯಿತು. ನಿಮಗೆ ಇಷ್ಟವಿಲ್ಲದಿದ್ದರೆ ಮದುವೆ ಬೇಡ, ಅಮ್ಮಣ್ಣಿ, ಅಂದ ಬೀರ. ಪದುಮಲೆ ಅವನ ಮುಖ ನೋಡಿ, ಇಷ್ಟ ಇದೆ ಅಂದಳು.

ಜನ ಎದ್ದು ಹೋದರು. ಅರಸ ಒದ್ದೆ ಪಂಚೆಯಲ್ಲೇ ಕೂತಿದ್ದ. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಒಣ ಬಟ್ಟೆ ಯಾರೂ ತಂದುಕೊಡಲಿಲ್ಲ. ಮಗಳೂ ತಂದುಕೊಡಲಿಲ್ಲ.