ಟವೆಲ್ ತೆಗೆದವನ ಶಾಲು

ಬಸ್ಸು ಓಡಿಸುವ ಒಂದು ಮೊಬೈಲ್ ಆಟವಿತ್ತು. ದೂರದ ನಗರದ ಒಂದು ಕಂಪನಿ ಅದನ್ನು ಮಾಡಿತ್ತು. ಆಟದ ರಸ್ತೆಯಲ್ಲಿ ಒಂದು ಗುಂಡಿಯೂ ಇರಲಿಲ್ಲ. ಬಸ್ಸುಗಳು ಆಸ್ಪತ್ರೆಯ ಗೋಡೆಯಂತೆ ಬೆಳ್ಳಗಿದ್ದವು. ನಿಲ್ದಾಣದಲ್ಲಿ ಒಂದು ನರಪಿಳ್ಳೆಯೂ ಕಾಣುತ್ತಿರಲಿಲ್ಲ. ಜನ ಸ್ವಲ್ಪ ದಿನ ಆಡಿದರು, ಬೇಸರ ಬಂದು ಬಿಟ್ಟರು.

ಅದಕ್ಕೆ ಜೀವ ಕೊಟ್ಟವರು ಆಡುವವರೇ. ಕಂಪನಿ ಕೊಡದೆ ಬಿಟ್ಟದ್ದನ್ನು ಆಡುವವರು ತಾವೇ ಮಾಡಿ ಆಟಕ್ಕೆ ಸೇರಿಸುತ್ತಾರೆ. ಅದಕ್ಕೆ ಮಾಡ್ ಎನ್ನುತ್ತಾರೆ. ಅದಕ್ಕೆ ಸಂಬಳವಿಲ್ಲ. ಮಾಡಿದವರು ಮಾಡುತ್ತಾರೆ, ಬೇಕಾದವರು ಪುಕ್ಕಟೆ ಇಳಿಸಿಕೊಳ್ಳುತ್ತಾರೆ. ಇದನ್ನು ಹುಚ್ಚು ಎಂದು ನಗುವವರು ನಗಲಿ. ಈ ದೇಶದಲ್ಲಿ ಚೆನ್ನಾಗಿ ನಡೆಯುವ ಎಷ್ಟೋ ಕೆಲಸ ಈ ಹುಚ್ಚಿನಿಂದಲೇ ನಡೆಯುತ್ತಿದೆ.

ಮೂವರು ಸೇರಿ ಈ ಆಟಕ್ಕೆ ನಮ್ಮ ಕೆಂಪು ಬಸ್ಸು ತಂದರು. ಹುಬ್ಬಳ್ಳಿಯ ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಪ್ರಭುಲಿಂಗ ಬಸ್ಸಿನ ಮೈ ಮಾಡಿದ, ರಸ್ತೆಗೆ ಗುಂಡಿ ತೋಡಿದ. ಹರಿಹರದ ನಸೀಮಾ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹಾರ್ನು, ಗೇರಿನ ಗೊರಗೊರ, ಗಾಜು ಅದುರುವ ಸದ್ದು, ಕಂಡಕ್ಟರನ ಸೀಟಿ ಎಲ್ಲವನ್ನೂ ಫೋನಿನಲ್ಲಿ ಹಿಡಿದು ತಂದಳು. ಬೆಟಗೇರಿಯ ಅಡಿವೆಪ್ಪ ಬಾಗಿಲು ಮಾಡಿದ.

ಬಾಗಿಲೇನು ಮಹಾ ಎನ್ನಬೇಡಿ. ಅಡಿವೆಪ್ಪನಿಗೆ ಹುಟ್ಟಿದಾಗಿನಿಂದ ಕಾಲಿನಲ್ಲಿ ಶಕ್ತಿಯಿಲ್ಲ. ಗಾಲಿ ಕುರ್ಚಿಯಲ್ಲೇ ಅವನ ಓಡಾಟ. ಅವನ ಮನೆಯ ಎದುರಿಗೇ ಬಸ್ಸು ನಿಲ್ಲುತ್ತದೆ. ಬಸ್ಸಿಗೆ ಎತ್ತರದ ಮೆಟ್ಟಿಲು. ಅವನು ಹುಟ್ಟಿದ ಮೇಲೆ ಎಷ್ಟೋ ಸರಕಾರ ಬಂದವು, ಹೋದವು. ಆ ಮೆಟ್ಟಿಲು ಮಾತ್ರ ಇಳಿಯಲಿಲ್ಲ. ಅವನನ್ನು ಹೊತ್ತು ಹತ್ತಿಸಬೇಕು, ಇಲ್ಲವೇ ಅವನು ಕಿಟಕಿಯಲ್ಲಿ ಕೂತು ನೋಡಬೇಕು. ಹೊರಿಸಿಕೊಳ್ಳುವುದು ಅವನಿಗೆ ಆಗದು. ನೋಡುತ್ತ ಕೂತ.

ಅವನು ಮಾಡಿದ ಬಾಗಿಲಿನಲ್ಲಿ ಮೆಟ್ಟಿಲಿರಲಿಲ್ಲ. ಬಸ್ಸು ನಿಂತರೆ ಒಂದು ಇಳಿಜಾರು ಹಲಗೆ ಹೊರಗೆ ಚಾಚಿಕೊಳ್ಳುತ್ತಿತ್ತು. ಗಾಲಿ ಕುರ್ಚಿಯ ಮನುಷ್ಯನೊಬ್ಬ ಉರುಳಿಕೊಂಡು ಒಳಗೆ ಬರುತ್ತಿದ್ದ. ಬಾಗಿಲ ಪಕ್ಕದಲ್ಲಿ ಎರಡು ಸೀಟಿನಷ್ಟು ಜಾಗವನ್ನು ಅವನಿಗಾಗಿ ಖಾಲಿ ಬಿಟ್ಟಿದ್ದರು. ಆ ಮನುಷ್ಯನಿಗೆ ಅಡಿವೆಪ್ಪ ತನ್ನದೇ ಮುಖ ಕೊಟ್ಟಿದ್ದ, ಮೀಸೆ ಮಾತ್ರ ಸ್ವಲ್ಪ ದಪ್ಪ.

ಈ ಬಸ್ಸಿಗೆ ಇನ್ನೊಂದು ಪದ್ಧತಿಯಿತ್ತು. ನಮ್ಮ ಊರುಗಳಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಅದನ್ನೇ ಇವರು ತಂದರು. ಯಾರು ಬಸ್ಸಿಗಾಗಿ ಕೆಲಸ ಮಾಡಿದರೋ ಅವರ ಹೆಸರು ಬರೆದ ಒಂದು ಟವೆಲ್ ಒಂದು ಸೀಟಿನ ಮೇಲೆ. ಪ್ರಭುಲಿಂಗನದು ಡ್ರೈವರ್ ಹಿಂದಿನ ಸೀಟು. ನಸೀಮಾಳದು ಹಾರ್ನ್ ಚೆನ್ನಾಗಿ ಕೇಳುವ ಮುಂದಿನ ಸೀಟು. ಅಡಿವೆಪ್ಪನಿಗೆ ಸೀಟೇ ಬೇಡವಾಗಿದ್ದರಿಂದ ಅವನ ಹಳದಿ ಟವೆಲ್ಲನ್ನು ಖಾಲಿ ಜಾಗದ ಪಕ್ಕದ ಕಂಬಿಗೆ ಹಾಕಿದ್ದರು. ಒಬ್ಬರ ಟವೆಲ್ಲನ್ನು ಇನ್ನೊಬ್ಬರು ಕೇಳದೆ ಮುಟ್ಟುವಂತಿರಲಿಲ್ಲ. ಅವರಲ್ಲಿ ಇದ್ದದ್ದು ಇದೊಂದೇ ಕಾನೂನು.

ಬಿಟ್ಟು ಹೋಗಿದ್ದ ಜನ ತಿರುಗಿ ಬಂದರು. ಎಲ್ಲೆಲ್ಲಿಂದಲೋ ಸಂದೇಶಗಳು ಬರುತ್ತಿದ್ದವು. ‘ಇವತ್ತು ಅಡಿವೆಪ್ಪನ್ನ ಬಾದಾಮಿಗೆ ಬಿಟ್ಟು ಬಂದೆ.’ ‘ಕಾರವಾರದ ಸಮುದ್ರ ತೋರಿಸಿದೆ ನೋಡೋ ಅಡಿವೆಪ್ಪ, ಟಿಕೆಟ್ ತಗೊಂಡಿಲ್ಲ ನೀನು!’

ಅಡಿವೆಪ್ಪ ಉತ್ತರ ಬರೆಯುತ್ತಿದ್ದ: ‘ಪಾಸ್ ಐತಿ. ಹೆಚ್ಚಿಗಿ ಮಾತಾಡಬ್ಯಾಡ, ರಸ್ತೆ ನೋಡಿ ಹೊಡಿ.’

ಅವನು ಎಲ್ಲಿಗೂ ಹೋಗಿರಲಿಲ್ಲ. ಆದರೆ ಬಸ್ಸು ಬಂದರೆ ತನ್ನನ್ನು ಬಿಟ್ಟು ಹೋಗುವುದಿಲ್ಲ ಎಂಬುದೊಂದು ಅವನಿಗೆ ಜೀವನದಲ್ಲಿ ಮೊದಲ ಸಲ ಗೊತ್ತಾಗಿತ್ತು.

ಆಗ ಕಂಪನಿಗೆ ಎಚ್ಚರವಾಯಿತು.

ಕಂಪನಿಯ ಮ್ಯಾನೇಜರ್ ಪ್ರಭುಲಿಂಗನನ್ನು ನಗರಕ್ಕೆ ಕರೆಸಿದ. ತಣ್ಣನೆಯ ಕೋಣೆ, ಮೆತ್ತನೆಯ ಕುರ್ಚಿ. ಪ್ರಭುಲಿಂಗನನ್ನು ಅಲ್ಲಿಯವರೆಗೆ ಯಾರೂ ಹಾಗೆ ಕೂರಿಸಿರಲಿಲ್ಲ. ಮನೆಯಲ್ಲಿ ಅವನ ಮಾವ, ಅಕ್ಕನ ಗಂಡ, ದಿನಾ ಚುಚ್ಚುತ್ತಿದ್ದ: “ಏನ್ರೀ ಡ್ರೈವರ್ ಸಾಹೇಬ್ರ, ಇವತ್ತ ಯಾವ ಊರಿಗೆ ಡ್ಯೂಟಿ? ಬರೂಮುಂದ ಎಳ್ಡು ಲಿಂಬಿಹಣ್ಣರ ತರ್ರಿ.”

ಇಲ್ಲಿ ಮ್ಯಾನೇಜರ್ ಹೇಳಿದ: “ಪ್ರಭುಲಿಂಗ ಅವರೇ, ನೀವು ಕಲಾವಿದರು. ನಿಮ್ಮ ಬಸ್ಸು ಇನ್ನು ನಮ್ಮ ಅಂಗಡಿಯಲ್ಲಿ ಬೆಲೆಗೆ ಸಿಗುತ್ತದೆ. ನೀವು ನಮ್ಮ ಪಾಲುದಾರರು.”

“ಸರ್, ಬಸ್ಸು ಮೂವರದು.”

“ಮೂವರನ್ನು ಮಾಲೀಕರೆಂದು ಬರೆಯಲು ನಮ್ಮಲ್ಲಿ ಜಾಗವಿಲ್ಲ. ಒಬ್ಬರ ಹೆಸರು ಹೇಳಿ. ನಿಮ್ಮದೇ ಇರಲಿ ಬಿಡಿ. ಅವರಿಗೆ ನೀವು ಆಮೇಲೆ ಏನು ಬೇಕಾದರೂ ಕೊಟ್ಟುಕೊಳ್ಳಿ, ನಾವು ಕೇಳುತ್ತೇವೆಯೇ?”

ಪ್ರಭುಲಿಂಗ ಮೆತ್ತನೆಯ ಕುರ್ಚಿಗೆ ಒರಗಿದ.

“ಇನ್ನೊಂದು ಸಣ್ಣ ವಿಷಯ. ನಿಮ್ಮದೊಂದನ್ನು ಬಿಟ್ಟು ಉಳಿದ ಟವೆಲ್ಲುಗಳನ್ನು ತೆಗೆಯಬೇಕು. ಕೊಂಡವರು ಬೇರೆಯವರ ಹೆಸರು ಯಾಕೆ ನೋಡಬೇಕು? ಮತ್ತೆ, ಬಾಗಿಲ ಹತ್ತಿರ ಯಾಕೆ ಅಷ್ಟು ಜಾಗ ಸುಮ್ಮನೆ ಬಿದ್ದಿದೆ? ಎರಡು ಸೀಟು ಹಾಕಿಬಿಡಿ. ಎಲ್ಲ ಬಸ್ಸಿಗೂ ಹೊಂದುವಂತೆ ನಮ್ಮ ಮೆಟ್ಟಿಲಿನ ಬಾಗಿಲನ್ನೇ ಕೂರಿಸಿ.”

“ಅದು ಅಡಿವೆಪ್ಪನ ಜಾಗ, ಸರ್.”

“ಯಾರವನು?”

ಇಲ್ಲಿ ನಿಲ್ಲಿ. ಕಥೆಯ ಪರೀಕ್ಷೆ ಇದೇ. ಪ್ರಭುಲಿಂಗನ ಜೇಬಿನಲ್ಲಿ ಫೋನಿತ್ತು. ಹೊರಗೆ ಹೋಗಿ ಇಬ್ಬರಿಗೆ ಫೋನ್ ಮಾಡಬಹುದಿತ್ತು. ಕೇಳದೆ ಮುಟ್ಟಬಾರದು ಎಂಬ ಕಾನೂನು ಅವನೇ ಮಾಡಿದ್ದು. ಆದರೆ ಕೇಳಿದರೆ ಅಡಿವೆಪ್ಪ ಒಪ್ಪುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ. ಆಮೇಲೆ ತಿಳಿಸಿ ಹೇಳಿದರಾಯಿತು ಎಂದುಕೊಂಡ. ಮೋಸ ಮಾಡುವವರೆಲ್ಲ ಕೆಟ್ಟವರಾಗಿರುವುದಿಲ್ಲ. ಬಹಳ ಜನ ಆಮೇಲೆ ತಿಳಿಸಿ ಹೇಳುವವರೇ.

“ಅವನು ನನ್ನ ಗೆಳೆಯ, ಸರ್. ನಾ ಹೇಳ್ತೀನಿ ಅವಗ,” ಎಂದ. ಬಸ್ಸಿನ ಪ್ರತಿಯೊಂದು ಅಂಗವೂ ನನ್ನೊಬ್ಬನದೇ ಎಂದು ಬರೆದಿದ್ದ ಕರಾರಿಗೆ ಸಹಿ ಹಾಕಿದ.

ಊರಿಗೆ ಬಂದು ಕೆಲಸಕ್ಕೆ ಕೂತ. ನಸೀಮಾಳ ಟವೆಲ್ ಅಳಿಸಿದ. ಕಂಬಿಯ ಹಳದಿ ಟವೆಲ್ ಅಳಿಸಿದ. ಹಲಗೆ ತೆಗೆದ. ಗಾಲಿ ಕುರ್ಚಿಯವನನ್ನು ತೆಗೆದ. ಅಲ್ಲಿ ಎರಡು ಸೀಟು ಕೂರಿಸಿದ. ಬಾಗಿಲಿಗೆ ಮೆಟ್ಟಿಲು ಇಟ್ಟ. ಮೆಟ್ಟಿಲು ಇಡುವುದು ಬಹಳ ಸುಲಭ ಎಂದು ಅವನಿಗೆ ಅವತ್ತು ಗೊತ್ತಾಯಿತು. ಸರಕಾರಕ್ಕೆ ಅದು ಮೊದಲೇ ಗೊತ್ತಿದೆ.

ಕಂಪನಿ ದೊಡ್ಡ ಸಭೆ ಮಾಡಿತು. ಪ್ರಭುಲಿಂಗನಿಗೆ ಪೇಟ ತೊಡಿಸಿದರು, ಗಂಧದ ಹಾರ ಹಾಕಿದರು, ಜರಿಯ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೈಗಿಟ್ಟು ಫೋಟೋ ತೆಗೆದರು. ‘ಅಭಿಮಾನಿಗಳೇ ನಮ್ಮ ದೇವರು’ ಎಂದು ಮ್ಯಾನೇಜರ್ ಮೈಕಿನಲ್ಲಿ ಕೂಗಿದ. ನಾನು ಕಂಡದ್ದು ಹೇಳುತ್ತೇನೆ: ನಿಮ್ಮನ್ನು ದೇವರು ಎನ್ನುವವನ ಕೈ ನೋಡಿ. ಅದು ಹುಂಡಿಯ ಬೀಗದ ಮೇಲಿರುತ್ತದೆ.

ಸಭೆಯ ಮರುದಿನ ಕಂಪನಿ ಆಟವನ್ನು ಹೊಸದು ಮಾಡಿತು. ಆಡುವವರ ಫೋನಿನಲ್ಲಿದ್ದ ಪುಕ್ಕಟೆ ಬಸ್ಸು ತಾನಾಗಿ ಅಳಿಸಿಹೋಯಿತು. ಬೆಲೆ ಕೊಟ್ಟವರಿಗೆ ಮಾತ್ರ ಹೊಸ ಬಸ್ಸು.

ನಸೀಮಾ ಫೋನ್ ಮಾಡಿದಳು. “ಪ್ರಭು ಅಣ್ಣ, ನನ್ನ ಹಾರ್ನ್ ಹಂಗೇ ಐತೆ. ನನ್ನ ಹೆಸರು ಎಲ್ಲಿ ಹೋತು?”

“ಸ್ವಲ್ಪ ತಡಿ ತಂಗಿ, ಎಲ್ಲಾ ಸರಿ ಮಾಡ್ತೀನಿ.”

“ನನ್ನ ಬಿಡು. ಅಡಿವೆಪ್ಪ ಅಣ್ಣಂಗೆ ಏನು ಹೇಳ್ತೀಯ?”

ಪ್ರಭುಲಿಂಗ ಫೋನ್ ಇಟ್ಟ. ಅವಳು ಮತ್ತೆ ಮಾಡಲಿಲ್ಲ, ಎಂದೂ ಮಾಡಲಿಲ್ಲ.

ಅಡಿವೆಪ್ಪ ಯಾರಿಗೂ ಫೋನ್ ಮಾಡಲಿಲ್ಲ. ತನ್ನ ಹಳೆಯ ಹಲಗೆ, ಹಳೆಯ ಬಾಗಿಲು ಅವನ ಕಂಪ್ಯೂಟರಿನಲ್ಲಿ ಇದ್ದವು. ಕಂಪನಿಯ ಒಂದು ಬೆಳ್ಳನೆಯ ಬಸ್ಸಿಗೇ ಅವನ್ನು ಕೂರಿಸಿದ. ಎಲ್ಲರಿಗೂ ಪುಕ್ಕಟೆ ಎಂದು ಬರೆದು ಹಾಕಿದ. ಅದು ಒಂದು ದಿನವೂ ಉಳಿಯಲಿಲ್ಲ. ಕಂಪನಿಯಿಂದ ಸಂದೇಶ ಬಂತು:

‘ಇಳಿಜಾರು ಹಲಗೆಯ ಈ ಬಾಗಿಲು ಪ್ರಭುಲಿಂಗ ಅವರ ಸ್ವತ್ತು. ನೀವು ಅದನ್ನು ಕದ್ದಿದ್ದೀರಿ. ಮಾಲೀಕರ ದೂರಿನ ಮೇರೆಗೆ ನಿಮ್ಮ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ.’

ಪ್ರಭುಲಿಂಗ ದೂರು ಕೊಟ್ಟಿರಲಿಲ್ಲ. ಅವನ ಹೆಸರಿನಲ್ಲಿ ಯಾರ ಮೇಲೆ ಬೇಕಾದರೂ ದೂರು ಕೊಡುವ ಹಕ್ಕನ್ನು ಆ ಸಹಿಯಲ್ಲೇ ಕಂಪನಿಗೆ ಬರೆದುಕೊಟ್ಟಿದ್ದ. ಓದಿರಲಿಲ್ಲ. ಓದಿದ್ದರೂ ಹಾಕುತ್ತಿದ್ದನೋ ಏನೋ.

ಆ ಸಂದೇಶ ಊರೂರು ಸುತ್ತಿತು. ಆಡುವವರು ಸಿಟ್ಟಿಗೆದ್ದರು. ಕುಂಟನ ಜಾಗ ಮಾರಿಕೊಂಡವನು ಎಂದು ಪ್ರಭುಲಿಂಗನನ್ನು ಬೈದರು. ಕುಂಟ ಎಂಬ ಮಾತು ಅಡಿವೆಪ್ಪನಿಗೂ ತಾಗುತ್ತದೆ ಎಂದು ಬೈಯುವವರಿಗೆ ಹೊಳೆಯಲಿಲ್ಲ. ಯಾರೂ ಬಸ್ಸು ಕೊಳ್ಳಲಿಲ್ಲ. ಒಬ್ಬೊಬ್ಬರಾಗಿ ಆಟವನ್ನೇ ಬಿಟ್ಟರು.

ಪ್ರಭುಲಿಂಗ ಮ್ಯಾನೇಜರನಿಗೆ ಫೋನ್ ಮಾಡಿದ. “ಸರ್, ಆ ಹಲಗಿ ಅಡಿವೆಪ್ಪನದ ಸರ್. ನಾ ಬರದ ಕೊಡ್ತೀನಿ.”

“ಹಾಗಾದರೆ ಕರಾರಿನಲ್ಲಿ ಸುಳ್ಳು ಹೇಳಿದಿರಾ?” ಎಂದ ಮ್ಯಾನೇಜರ್. ಅವನ ದನಿ ಸ್ವಲ್ಪವೂ ಏರಿರಲಿಲ್ಲ. ಅಂದು ಸಂಜೆಯೇ ಕಂಪನಿ ಪ್ರಕಟಣೆ ಹೊರಡಿಸಿತು. ಮಾಡ್ ಮಾಡಿದ ವ್ಯಕ್ತಿ ನಂಬಿಕೆದ್ರೋಹ ಎಸಗಿದ್ದಾನೆ, ಅವನಿಗೂ ನಮಗೂ ಸಂಬಂಧವಿಲ್ಲ, ಬಸ್ಸು ನಮ್ಮಲ್ಲೇ ಉಳಿಯುತ್ತದೆ. ಡ್ರೈವರ್ ಹಿಂದಿನ ಸೀಟಿನ ಟವೆಲ್ಲೂ ಹೋಯಿತು. ಪ್ರಭುಲಿಂಗನ ಖಾತೆಗೂ ಬೀಗ ಬಿತ್ತು.

ಅವನು ಶಾಲನ್ನು ಚೀಲದಲ್ಲಿ ಹಾಕಿಕೊಂಡು ಬೆಟಗೇರಿಗೆ ಹೋದ. ಬಸ್ಸಿನಲ್ಲೇ ಹೋದ. ಅಡಿವೆಪ್ಪನ ಮನೆಯೆದುರು ಮೆಟ್ಟಿಲು ಇಳಿದ. ಅಡಿವೆಪ್ಪ ಕಿಟಕಿಯಲ್ಲಿದ್ದ. ಅವನು ಇಳಿಯುವುದನ್ನು ನೋಡಿದ.

“ಬಾರಲೇ ಪ್ರಭ್ಯಾ. ಕುಂದ್ರು. ಚಾ ಕುಡಿತಿ?”

ಪ್ರಭುಲಿಂಗ ಕೂರಲಿಲ್ಲ. “ತಪ್ಪಾತಪಾ ಅಡಿವೆಪ್ಪ. ಅವ್ರು ಎಳ್ಡು ಸೀಟು ಹಾಕಂದ್ರು, ಹಾಕಿದೆ.”

“ನನ್ನ ಜಾಗದಾಗ ಈಗ ಯಾರ ಕುಂತಾರ?”

“ಯಾರೂ ಇಲ್ಲ. ಆಟ ಆಡವ್ರ ಇಲ್ಲ. ಬಸ್ಸೆಲ್ಲಾ ಖಾಲಿ ಐತಿ.”

ಅಡಿವೆಪ್ಪ ಹೇಳಿದ: “ನನ್ನ ಜಾಗ ಮೊದಲೂ ಖಾಲೀನ ಇತ್ತಲ್ಲೋ. ಅಷ್ಟ ಜಾಗ ಖಾಲಿ ಬಿಟ್ಟಿದ್ರ ಬಸ್ ತುಂಬಿರ್ತಿತ್ತು.”

ಪ್ರಭುಲಿಂಗ ಚೀಲದಿಂದ ಶಾಲು ತೆಗೆದು ಅವನ ಕಾಲ ಮೇಲೆ ಇಟ್ಟ. “ಇದು ನಿಂದು. ನಾ ಇಟ್ಕೊಳ್ಳೂದು ಅಲ್ಲ.”

ಅಡಿವೆಪ್ಪ ಜರಿಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಮಡಚಿ ವಾಪಸು ಕೊಟ್ಟ.

“ನನಗ್ಯಾಕ? ಒಯ್ದು ಆ ಎಳ್ಡು ಸೀಟಿನ ಮ್ಯಾಲ ಹಾಕು. ಯಾರರ ಹಿಡದಾರ ಅಂತರ ಗೊತ್ತಾಗ್ಲಿ.”

“ನನ್ನನ್ನೂ ಒಳಗ ಬಿಡಂಗಿಲ್ಲ ಅಡಿವೆಪ್ಪ.”

“ಹೌದಾ,” ಎಂದ ಅಡಿವೆಪ್ಪ. “ಹಂಗಾರ ಕಿಟಕಿ ಮುಂದ ಕುರ್ಚಿ ಹಾಕ್ಕೊಂಡು ಕುಂದ್ರು. ರೂಢಿ ಆಗತೈತಿ.”

ಹೊರಗೆ ಹುಬ್ಬಳ್ಳಿಯ ಬಸ್ಸು ಬಂದು ನಿಂತಿತು. ಪ್ರಭುಲಿಂಗ ಅದೇ ಬಸ್ಸಿಗೆ ತಿರುಗಿ ಹೋಗಬೇಕಿತ್ತು. ಒಬ್ಬ ಹೊರಗಿನಿಂದ ಕಿಟಕಿಯೊಳಗೆ ಟವೆಲ್ ಎಸೆದ. ಇನ್ನೊಬ್ಬ ಬಂದವನು ಆ ಟವೆಲ್ ನೋಡಿ ಮಾತಿಲ್ಲದೆ ಮುಂದಿನ ಸೀಟಿಗೆ ಹೋದ. ಪ್ರಭುಲಿಂಗ, ಅಡಿವೆಪ್ಪ ಇಬ್ಬರೂ ಅದನ್ನು ಮನೆಯ ಕಿಟಕಿಯಿಂದ ನೋಡಿದರು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೋಯಿತು. ಪ್ರಭುಲಿಂಗ ನಿಂತೇ ಇದ್ದ.

ನೀತಿ: ಹಲವರು ಪ್ರೀತಿಯಿಂದ ಮಾಡಿದ್ದಕ್ಕೆ ನೀನೊಬ್ಬನೇ ಮಾಲೀಕನೆಂದು ಸಹಿ ಕೇಳುವವನು ನಿನ್ನನ್ನು ಗೌರವಿಸುತ್ತಿಲ್ಲ, ನಿನ್ನ ಕೈಯಿಂದಲೇ ನಿನ್ನವರನ್ನು ಇಳಿಸುತ್ತಿದ್ದಾನೆ. ಅವರು ಇಳಿದ ಮೇಲೆ ನಿನ್ನ ಸರದಿ. ಶಾಲಿಗೆ ಹೆಗಲು ಕೊಡುವ ಮೊದಲು ಯಾರ ಟವೆಲ್ ತೆಗೆಯಲು ಹೇಳುತ್ತಿದ್ದಾರೆ ಎಂದು ನೋಡು. ಹೊರಗೆ ಹೋಗಿ ಅವರಿಗೆ ಒಂದು ಫೋನ್ ಮಾಡು.