ತೊಟ್ಟಿಲಿಗೆ ಕಟ್ಟಲು ಹೋದ ಗಿಲಕಿ

ಆಟಿಕೆ ಅಂಗಡಿಯ ಚನ್ನವೀರಪ್ಪ ಪತ್ರ ಮುಚ್ಚಿಟ್ಟ. ಗಿಲಕಿಯ ಮಣಿ ಕಳಚಿ ಮಗುವಿನ ಗಂಟಲಿಗೆ ಸಿಕ್ಕಬಹುದು, ಮಾರಿದ್ದನ್ನೆಲ್ಲ ವಾಪಸ್ ಪಡೆಯಿರಿ ಎಂದು ಕಂಪನಿಯೇ ಬರೆದ ಪತ್ರ ಅದು.

“ಸ್ಟಾಕ್ ಮುಗೀಲಿ, ಆಮೇಲೆ ಈ ಪತ್ರ ಬಾಗಿಲಿಗೆ ಅಂಟಿಸು. ಅಲ್ಲಿವರೆಗೆ ಬಾಯಿ ಬಿಟ್ಟರೆ ಕೆಲಸ ಇಲ್ಲ,” ಎಂದ, ಕೌಂಟರಿನ ಹೆಂಗಸಿಗೆ.

ಅವಳು ಬಾಯಿ ಬಿಡಲಿಲ್ಲ. ಅವನ ಮೊಮ್ಮಗಳ ನಾಮಕರಣಕ್ಕೆ ಹೋದಳು. ಓಣಿಯ ಹೆಂಗಸರೆಲ್ಲ ಜೋಗುಳ ಹಾಡುತ್ತಿದ್ದಾಗ ಅದೇ ಗಿಲಕಿಯನ್ನು ತೊಟ್ಟಿಲಿಗೆ ಕಟ್ಟಲು ಕೈ ಎತ್ತಿದಳು.

ಚನ್ನವೀರಪ್ಪ ಓಡಿಬಂದು ಕಿತ್ತುಕೊಂಡ. “ಮಗೂನ ಸಾಯಿಸ್ತೀಯೇನೇ? ಮಣಿ ಗಂಟಲಿಗೆ ಸಿಕ್ಕಿದ್ರೆ?”

“ನಮ್ಮ ಅಂಗಡೀದೇ, ಯಜಮಾನ್ರೇ. ಬೆಳಿಗ್ಗೆ ತಾನೇ ಇವರಿಗೆಲ್ಲ ಒಳ್ಳೇ ಮಾಲು ಅಂತ ಮಾರಿದ್ರಲ್ಲ.”

ಹಾಡು ನಿಂತಿತು. ಸಂಜೆಯೊಳಗೆ ಗಿಲಕಿಗಳೆಲ್ಲ ಅಂಗಡಿಗೆ ವಾಪಸ್ ಬಂದವು. ಪತ್ರವನ್ನು ಬಾಗಿಲಿಗೆ ಅವಳೇ ಅಂಟಿಸಿದಳು.

ನಿಮ್ಮ ಮನೆಯ ಗಿಲಕಿಯ ಮಣಿಯನ್ನು ಈಗಲೇ ಎಳೆದು ನೋಡಿ. ಸಡಿಲವಾಗಿದ್ದರೆ ಮಾರಿದವನ ಮುಂದಿಟ್ಟು, ಪತ್ರ ಎಲ್ಲಿ ಎಂದು ಕೇಳಿ.