ಗುರುತಿಲ್ಲದ ಸೀರೆ

ಎಲ್ಲರೂ ಕೂತಿರಾ? ಸರಿ, ಹತ್ತಿರ ಬನ್ನಿ. ಒಂದೂರಲ್ಲಿ ಮಡಿವಾಳರ ದ್ಯಾವಮ್ಮ ಅಂತ ಇದ್ದಳು. ಅವಳಿಗೊಬ್ಬನೇ ಮಗ, ಬೋರಲಿಂಗ. ಆಳು ನೋಡಿದರೆ ಎತ್ತು, ಬುದ್ಧಿ ನೋಡಿದರೆ ಕರು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಹೇಳದೇ ಇದ್ದದ್ದು ಅವನಿಗೆ ಎಳ್ಳಷ್ಟೂ ಹೊಳೆಯುತ್ತಿರಲಿಲ್ಲ.

ದ್ಯಾವಮ್ಮ ಊರಿನ ಬಟ್ಟೆಯನ್ನೆಲ್ಲ ತನ್ನ ಕತ್ತೆಯ ಮೇಲೆ ಹೇರಿಕೊಂಡು ಹೋಗಿ ಒಗೆಯುತ್ತಿದ್ದಳು. ಎಲ್ಲರ ಬಟ್ಟೆಯೂ ಒಂದೇ ಹೊಳೆಯಲ್ಲಿ ಬೆರೆತುಹೋಗುತ್ತಲ್ಲ, ಯಾವುದು ಯಾರದು ಅಂತ ತಿಳಿಯುವುದು ಹೇಗೆ? ಅದಕ್ಕೇ ಗುರುತು. ಗೇರುಕಾಯಿಯ ಮಸಿಯಲ್ಲಿ ಬಟ್ಟೆಯ ಮೂಲೆಗೆ ಪಟೇಲರ ಮನೆಯದಾದರೆ ಕೊಕ್ಕೆ, ಪೂಜಾರಿಯದಾದರೆ ಅಡ್ಡಗೀಟು. ಎಷ್ಟು ಒಗೆದರೂ ಹೋಗದ ಮಸಿ ಅದು. ಈ ಕಡೆ ಬಟ್ಟೆಯ ರಾಶಿ, ಆ ಕಡೆ ಮನೆಗಳ ಸಾಲು, ಎರಡನ್ನೂ ಕೂಡಿಸುವುದು ಆ ಪುಟ್ಟ ಗುರುತು. ಈಗಿನ ಕಂಪ್ಯೂಟರಿನವರು ಎರಡು ಪಟ್ಟಿಗಳನ್ನು ಕೂಡಿಸುವುದೂ ಹೀಗೇ ಅಂತೆ, ಎರಡರಲ್ಲೂ ಇರುವ ಒಂದು ಗುರುತು ಹಿಡಿದು. ಅವರ ಯಂತ್ರವೂ ನಮ್ಮ ಬೋರಲಿಂಗನ ಹಾಗೇ, ಹೇಳಿದ್ದನ್ನಷ್ಟೇ ಮಾಡುತ್ತದಂತೆ. ಇರಲಿ, ಅವರ ಪಾಡು ಅವರಿಗೆ.

ದ್ಯಾವಮ್ಮನ ಕಣ್ಣಿಗೆ ಪೊರೆ ಬಂತು. ಒಗೆಯುವುದಕ್ಕೆ ಕೈ ಸಾಕು, ಹಂಚುವುದಕ್ಕೆ ಕಣ್ಣು ಬೇಕಲ್ಲ! ಮಗ ಕೆಲಸ ಕಲಿಯದಿದ್ದರೆ ಊರಿನ ಮನೆಗಳು ಕೈತಪ್ಪುತ್ತವೆ. ಆಮೇಲೆ ಇವನ ಗತಿ ಏನು? ಅವಳಿಗೆ ಕೂತರೂ ನಿಂತರೂ ಅದೇ ಚಿಂತೆ.

"ಮಗ, ಮನೆಮನೆಗೂ ಬಟ್ಟೆ ಕೊಟ್ಟು ಬಾ," ಅಂದಳು.

"ಆಗಲಿ ಅವ್ವ," ಅಂದ. ಹೋದ. ಮೊದಲನೇ ಮನೆಗೆ ಮೇಲಿನ ಬಟ್ಟೆ, ಪಕ್ಕದ ಮನೆಗೆ ಅದರ ಕೆಳಗಿನದು, ಆಚೆ ಮನೆಗೆ ಅದರ ಕೆಳಗಿನದು. ಪೂಜಾರಿಗೆ ಪಟೇಲರ ಸೊಸೆಯ ರವಿಕೆ ಸಿಕ್ಕಿತು. ಸೂಲಗಿತ್ತಿ ಅಜ್ಜಿಗೆ ಪಟೇಲರ ಪಂಚೆ!

"ಅಯ್ಯೋ ಪೆದ್ದೇ! ಸಾಲಾಗಿ ಹಂಚೋಕೆ ಇದೇನು ಗುಡಿಯ ಚರುಪಾ? ಗುರುತು ನೋಡೋ! ಯಾವ ಗುರುತೋ ಆ ಮನೆಗೆ!"

"ಆಗಲಿ ಅವ್ವ. ಯಾವ ಗುರುತೋ ಆ ಮನೆಗೆ."

ಮರುಸಲ ಗುರುತು ನೋಡಿದ. ಒಂದು ದುಪ್ಪಟಿಯ ಮೇಲೆ ಕಾಗೆಕಾಲು ಇತ್ತು. ಕಾಗೆಕಾಲು ಜವರಪ್ಪನ ಮನೆಯ ಗುರುತು. ಅವನ ತಮ್ಮ ಕೆಂಚಪ್ಪನ ಮನೆಗೂ ಅದೇ. ಅಣ್ಣತಮ್ಮ ಹೊಲ ಪಾಲು ಮಾಡಿಕೊಂಡಿದ್ದರು, ಗುರುತು ಪಾಲು ಮಾಡಿಕೊಳ್ಳುವುದು ಮರೆತಿದ್ದರು. ಬೋರಲಿಂಗ ಜಗಲಿಯ ಮೇಲೆ ಕೂತು ಯೋಚಿಸಿದ. ಎದ್ದ. ಪರ್ರ್! ಅಣ್ಣನಿಗೆ ಅರ್ಧ, ತಮ್ಮನಿಗೆ ಅರ್ಧ.

ಪಾಲಾದಾಗಿನಿಂದ ಮಾತು ಬಿಟ್ಟಿದ್ದ ಅಣ್ಣತಮ್ಮ ಅವತ್ತು ಒಟ್ಟಿಗೇ ಬಂದರು, ಬೈಯುವುದಕ್ಕೆ.

"ಅಯ್ಯೋ ಪೆದ್ದೇ! ಯಾಕೋ ಹರಿದೆ?"

"ಇಬ್ಬರದೂ ಕಾಗೆಕಾಲು, ಅವ್ವ. ಇಬ್ಬರಿಗೂ ಕೊಟ್ಟೆ."

ದ್ಯಾವಮ್ಮ ತಲೆ ಚಚ್ಚಿಕೊಂಡಳು. ತಮ್ಮನ ಬಟ್ಟೆಗೆಲ್ಲ ಕಾಗೆಕಾಲಿನ ಪಕ್ಕದಲ್ಲಿ ಒಂದು ಚುಕ್ಕಿ ಇಡಿಸಿದಳು. "ಗುರುತು ನೋಡು, ಚುಕ್ಕಿಯನ್ನೂ ನೋಡು. ಹೊಂದಿದರೆ ಕೊಡು. ಹೊಂದದಿದ್ದರೆ ಬಿಟ್ಟುಬಿಡು!"

"ಆಗಲಿ ಅವ್ವ. ಹೊಂದದಿದ್ದರೆ ಬಿಟ್ಟುಬಿಡು."

ಆ ಸಲ ಪಟೇಲರ ಮೊಮ್ಮಗನ ಹೊಸ ಕುಲಾವಿ ಬಂದಿತ್ತು. ಹೊಸದು, ಇನ್ನೂ ಗುರುತು ಬಿದ್ದಿರಲಿಲ್ಲ. ಬೋರಲಿಂಗ ತಿರುಗಿಸಿ ನೋಡಿದ, ಮುರುಗಿಸಿ ನೋಡಿದ. ಯಾವ ಮನೆಗೂ ಹೊಂದಲಿಲ್ಲ. ಹೊಳೆಗೆ ಬಿಟ್ಟುಬಿಟ್ಟ.

"ಬಿಟ್ಟೆ ಅವ್ವ. ತೇಲಿಕೊಂಡು ಹೋಯ್ತು. ಚೆನ್ನಾಗಿತ್ತು."

ಪಟೇಲರ ಹೆಂಡತಿ ಬಾಗಿಲಿಗೇ ಬಂದಳು. "ದ್ಯಾವಮ್ಮ, ಇಷ್ಟು ದಿನ ನಿನ್ನ ಮುಖ ನೋಡಿ ಸುಮ್ಮನಿದ್ದೆ. ಇನ್ನೊಂದು ಸಲ ತಪ್ಪಿದರೆ ಪಕ್ಕದೂರಿನ ಮಡಿವಾಳರಿಗೆ ಹೇಳಿಕಳಿಸ್ತೀನಿ. ಊರಿನವರೂ ಅದನ್ನೇ ಅಂತಿದಾರೆ."

ಅಷ್ಟು ಹೇಳಿ ಅವಳು ಹೋದಳು. ಅವತ್ತು ದ್ಯಾವಮ್ಮ ಪೆದ್ದೇ ಅನ್ನಲಿಲ್ಲ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ಮಗ, ಗುರುತಿಲ್ಲ ಅಂದರೆ ಯಾರಿಗೂ ಬೇಡ ಅಂತಲ್ಲ ಕಣೋ. ಅದಕ್ಕೂ ಎಲ್ಲೋ ಒಂದು ಮನೆ ಇರುತ್ತೆ. ನಮಗೆ ಗೊತ್ತಿಲ್ಲ, ಅಷ್ಟೇ. ಬಿಡಬೇಡ. ಕೈಯಲ್ಲಿ ಹಿಡಕೊಂಡು ಬಾಗಿಲು ಬಾಗಿಲಲ್ಲೂ ಕೇಳು."

"ಆಗಲಿ ಅವ್ವ. ಬಿಡಬೇಡ, ಕೇಳು."

ಮುಂದಿನ ಸಲ ಬೆಳಿಗ್ಗೆ ಹೋದವನು ಮಧ್ಯಾಹ್ನವಾದರೂ ಬರಲಿಲ್ಲ. ದ್ಯಾವಮ್ಮ ಬಾಗಿಲಲ್ಲೇ ಕೂತು ಕಾದಳು. ಕೊನೆಗೆ ಬಂದ, ಕೈಯಲ್ಲಿ ಒಂದು ಹಳೇ ಸೀರೆ ಹಿಡಿದು.

"ಎಲ್ಲಾ ಹೊಂದಿತು ಅವ್ವ. ಕಾಗೆಕಾಲಿಗೆ ಕಾಗೆಕಾಲು, ಚುಕ್ಕಿಗೆ ಚುಕ್ಕಿ. ನಾಳೆಯಿಂದಲೂ ನೀನೇ ಬಾ ಅಂದರು ಪಟೇಲರ ಮನೆ ಅಮ್ಮಾವ್ರು. ಇದೊಂದು ಉಳಿಯಿತು. ಗುರುತಿಲ್ಲ. ಊರೆಲ್ಲ ಕೇಳಿದೆ. ನಮ್ಮದಲ್ಲ, ನಮ್ಮದಲ್ಲ ಅಂದರು. ಪಾಪ, ಇದಕ್ಕೆ ಯಾರೂ ಇಲ್ಲ."

ದ್ಯಾವಮ್ಮ ಸೀರೆಯನ್ನು ಕೈಯಲ್ಲಿ ಸವರಿದಳು. ತಾನೇ ಹಾಕಿದ ತೇಪೆ ಬೆರಳಿಗೆ ಸಿಕ್ಕಿತು.

"ಅಯ್ಯೋ ಪೆದ್ದೇ! ಇದು ನನ್ನದೇ ಸೀರೆ ಕಣೋ!"

"ಗುರುತಿಲ್ಲವಲ್ಲ?"

"ನಮ್ಮ ಬಟ್ಟೆಗೆ ಯಾಕೋ ಗುರುತು? ನಮ್ಮದು ನಮಗೆ ಗೊತ್ತಾಗಲ್ವಾ?"

"ಒಗೆಯುವಾಗ ನಿನಗೇ ಗೊತ್ತಾಗಲಿಲ್ಲವಲ್ಲ, ಅವ್ವ."

ದ್ಯಾವಮ್ಮ ಆ ತೇಪೆಯನ್ನು ಮತ್ತೊಮ್ಮೆ ಸವರಿದಳು. ಊರೆಲ್ಲರ ಬಟ್ಟೆ ಅವರವರ ಮನೆ ಸೇರಿದೆ, ಮನೆಗಳು ಉಳಿದಿವೆ, ಆದರೆ ತನ್ನ ಸೀರೆಯೇ ತನಗೆ ಕಂಡಿರಲಿಲ್ಲ. "ಹೌದು ಮಗ," ಅಂದಳು. "ಇನ್ನು ನಾನೇ ಎಲ್ಲಾದರೂ ಕಳೆದುಹೋಗ್ತೀನೇನೋ." ಅಷ್ಟು ಹೇಳಿ ಚಾಪೆಯ ಮೇಲೆ ಒರಗಿದಳು. ಆಯಾಸಕ್ಕೆ ನಿದ್ದೆ ಬಂತು.

ಬೋರಲಿಂಗನಿಗೆ ನಿದ್ದೆ ಎಲ್ಲಿಂದ ಬರಬೇಕು? ಅವ್ವ ಕಳೆದುಹೋಗ್ತೀನಿ ಅಂದಿದ್ದಾಳೆ!

ಕೈ ಉರಿದು ದ್ಯಾವಮ್ಮನಿಗೆ ಎಚ್ಚರವಾಯಿತು. ಗೇರುಕಾಯಿಯ ಮಸಿ ಚರ್ಮಕ್ಕೆ ತಾಗಿದರೆ ಸುಮ್ಮನೆ ಬಿಡುತ್ತದೆಯೇ? ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಮುಂಗೈ ಮೇಲೆ ದೊಡ್ಡದೊಂದು ಸುತ್ತು, ನಡುವೆ ಒಂದು ಗೀಟು. ಮಗನ ಹಣೆಯ ಮೇಲೂ ಅದೇ. ಮನೆಯ ಬಾಗಿಲ ಮೇಲೂ ಅದೇ, ಅವಳ ಕಣ್ಣಿಗೂ ಕಾಣುವಷ್ಟು ದೊಡ್ಡದು.

"ಏನೋ ಇದು!"

"ನೀನು ಕಳೆದುಹೋದರೆ ಯಾರಿಗಾದರೂ ಸಿಕ್ತೀಯಲ್ಲ, ಅವ್ವ. ಅವರು ನಿನ್ನ ಕೈ ನೋಡ್ತಾರೆ, ಬಾಗಿಲು ನೋಡ್ತಾರೆ. ಎರಡೂ ಹೊಂದುತ್ತೆ. ತಂದು ಕೊಡ್ತಾರೆ."

ಬೈಯಲು ಬಾಯಿ ತೆರೆದವಳು ಮಗನ ತಲೆ ಹಿಡಿದು ಎದೆಗೆ ಒತ್ತಿಕೊಂಡು ಅತ್ತುಬಿಟ್ಟಳು. ನಾನು ಹೋದರೆ ಇವನ ಗತಿ ಏನು ಅಂತ ಇಷ್ಟು ದಿನ ಕೊರಗಿದ್ದಳು. ತನ್ನ ಗತಿಯ ಬಗ್ಗೆ ಇವನು ಯೋಚಿಸಬಹುದು ಅಂತ ಒಂದು ದಿನವೂ ಅಂದುಕೊಂಡಿರಲಿಲ್ಲ.

ಅಷ್ಟರಲ್ಲಿ ಬೆನ್ನ ಹಿಂದೆ ಯಾರೋ ಬಿಸಿಯುಸಿರು ಬಿಟ್ಟ ಹಾಗಾಯಿತು. ತಿರುಗಿ ಕೈಯಾಡಿಸಿದಳು. ಉದ್ದುದ್ದ ಕಿವಿ ಕೈಗೆ ಸಿಕ್ಕಿತು. ಅವಳ ಚಾಪೆಯ ಮೇಲೆ, ಅವಳ ಕಂಬಳಿ ಹೊದ್ದು, ಕತ್ತೆ ಮಲಗಿತ್ತು!

"ಅಯ್ಯೋ ಪೆದ್ದೇ! ಇದನ್ಯಾಕೋ ಒಳಗೆ ತಂದೆ?"

"ಪಾಪ, ಅದಕ್ಕೂ ಗುರುತಿರಲಿಲ್ಲ ಅವ್ವ, ಹಾಕಿದೆ," ಅಂದ ಬೋರಲಿಂಗ. "ಹಾಕಿದ ಮೇಲೆ ನೋಡಿದರೆ ನಮ್ಮ ಮನೆಯದೇ! ಯಾವ ಗುರುತೋ ಆ ಮನೆಗೆ ಅಂತ ನೀನೇ ಹೇಳಿದ್ದೆಯಲ್ಲ!"